ಅಮಾನಿ ತಂದ ತಾಟು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮವ್ವ ಮನೆಯ ಅತಿಥಿಯ ಕೈಯಿಂದ ತಾಟು ಕಿತ್ತುಕೊಂಡಳು. ಅತಿಥಿ ಎಂದರೆ ಅಮಾನಿ, ತಾಂಜಾನಿಯಾದ ವಿದ್ಯಾರ್ಥಿನಿ. ಬಾಳೆನಾರಿನ ಕಸುಬು ಕಲಿಯಲು ಆನೆಗೊಂದಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ರೊಟ್ಟಿ ತಿಂದವಳು ತಾನೇ ತಾಟು ತೊಳೆದು ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಲು ಹೋದಳು. ಅವಳ ಊರಿನಲ್ಲಿ ಅದು ಮರ್ಯಾದೆಯಂತೆ.

ನಮ್ಮವ್ವ ಗೌಡರ ಹೊಲದಲ್ಲಿ ದುಡಿಯುವಾಗ ಉಂಡ ತಾಟನ್ನು ತಾನೇ ತೊಳೆದು ದನದ ಕೊಟ್ಟಿಗೆಯ ಗೋಡೆಯ ಮೇಲೆ ಇಡಬೇಕಿತ್ತು. ಒಳಗೆ ಒಯ್ಯುವಂತಿರಲಿಲ್ಲ.

"ತಾ ಇಲ್ಲಿ. ನನ್ನ ಮನ್ಯಾಗ ಉಂಡೋರು ತಾಟು ತೊಳದು ಹೊರಗ ಇಡೂದಿಲ್ಲ," ಎಂದು ಗದರಿದಳು.

ಅಮಾನಿಗೆ ಕನ್ನಡ ಬಾರದು. ಅವಳಿಗೆ ಕಂಡದ್ದು ಅವ್ವನ ಸಿಟ್ಟಿನ ಮುಖ ಮಾತ್ರ. ಬಿಡಿಸಿ ಹೇಳಬೇಕಾದ ನಾನು, ಸಂಜೆ ಹೇಳಿದರಾಯಿತೆಂದು ಗಂಗಾವತಿಯ ಧರಣಿಗೆ ಹೋದೆ. ಸಮಾನತೆ ಬೇಕೆಂದು ಗಂಟಲು ಹರಿಯುವಂತೆ ಕೂಗಿ ಬಂದೆ.

ಬಂದು ನೋಡಿದರೆ ಅಮಾನಿಯ ಕೈಯಲ್ಲಿ ಅಂಗಡಿಯಿಂದ ತಂದ ಹೊಸ ತಾಟು. "ಇನ್ನು ನಿಮ್ಮ ಪಾತ್ರೆ ಮುಟ್ಟುವುದಿಲ್ಲ, ಅಮ್ಮನಿಗೆ ಹೇಳಿ," ಎಂದು ಇಂಗ್ಲಿಷಿನಲ್ಲಿ ಹೇಳಿದಳು.

"ಏನಂತಾಳೋ ಆಕಿ?" ಅವ್ವ ಕೇಳಿದಳು. ಹೇಳಿದೆ. ಅವ್ವ ಒಲೆಯ ಮುಂದೆ ಕೂತಳು.

"ಅಂದ್ರ ಆಕಿ ಪಾಲಿಗೆ ನಾನ ಗೌಡಸಾನಿ ಆದ್ನಲ್ಲೋ."

ಅಮಾನಿಗೆ ಈಗ ಹೊಲ, ಕೊಟ್ಟಿಗೆ, ಅವ್ವನ ಸಿಟ್ಟು ಎಲ್ಲವನ್ನೂ ವಿವರಿಸಿದೆ. ಅರ್ಥವಾಯಿತೆಂದು ತಲೆಯಾಡಿಸಿದಳು. ಊಟಕ್ಕೆ ಕೂತಾಗ ಮಾತ್ರ ಹೊಸ ತಾಟನ್ನೇ ಮುಂದಿಟ್ಟುಕೊಂಡಳು.

ಅವಳನ್ನು ದೂರುವಂತಿಲ್ಲ. ಗೌಡರು ಕೊಟ್ಟ ವಿವರಣೆಗಳನ್ನು ನಾವೂ ಯಾವತ್ತೂ ನಂಬಿದವರಲ್ಲ.