ರೊಟ್ಟಿ ಬಡಿದ ಕೈ

ಚೈತ್ರಾ, ಮನು, ಮೊನ್ನೆ ನಿಮ್ಮಪ್ಪ ಅಡುಗೆಮನೆಯಲ್ಲಿ ಹರಳೆಣ್ಣೆ ಬಿಸಿ ಮಾಡಿದಾಗ, ಆ ವಾಸನೆಗೆ ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಸರಿಯಿತು. ನಾಲ್ಕು ಜನರ ಮುಂದೆ ಬಾಯಿ ತೆರೆಯದ ಅಜ್ಜಿ ಅವತ್ತು ಯಾಕೆ ಹಾಗೆ ಸಿಟ್ಟಾದಳು ಎಂದು ಇಬ್ಬರೂ ಕೇಳಿದಿರಿ. ಆಗ ಹೇಳಲು ಬರಲಿಲ್ಲ. ನನಗೆ ಬರೆಯುವುದೇ ವಾಸಿ. ಕಾಗದ ನನ್ನ ಮುಖ ನೋಡುವುದಿಲ್ಲ.

ತವರೂರು ಸೊಕ್ಕೆಯಿಂದ ಮದುವೆಯಾಗಿ ಬಿಳಿಚೋಡಿಗೆ ಬಂದ ಹೊಸತು. ನೀರಿನ ಕೊಡ ಹೊತ್ತು ಬಚ್ಚಲ ಬಳಿ ಜಾರಿದೆ. ಕೊಡಕ್ಕೂ ಕಲ್ಲಿಗೂ ನಡುವೆ ನನ್ನ ಕೈ. ಉಂಗುರದ ಬೆರಳಿನ ಬುಡ ನೋಡನೋಡುತ್ತ ಊದಿ ನೀಲಿಯಾಯಿತು. ನಮ್ಮತ್ತೆ ಕೆಟ್ಟವರಲ್ಲ. ಆದರೆ ಆ ಮನೆಯಲ್ಲಿ ಹೆಂಗಸರ ಕೈಗೆ ಒಂದೇ ಪರೀಕ್ಷೆ.

“ಒಂದು ರೊಟ್ಟಿ ಬಡಿ ನೋಡನ,” ಅಂದರು. “ಮುರಿದಿದ್ರೆ ಬಡಿಯಾಕೆ ಆಗಲ್ಲ. ಬಡಿದ್ರೆ ಬರೀ ಉಳುಕು.”

ಹೊಸ ಸೊಸೆ, ಆಗುವುದಿಲ್ಲ ಎಂದು ಯಾರಿಗೆ ಹೇಳಲಿ? ಕಣ್ಣೀರು ಹಿಟ್ಟಿಗೆ ಬೀಳದಂತೆ ತಲೆ ಓರೆ ಮಾಡಿಕೊಂಡು ಬಡಿದೆ. ರೊಟ್ಟಿ ದುಂಡಗೇ ಬಂತು. ಹಾಳಾದ ರೊಟ್ಟಿ, ಅವತ್ತಾದರೂ ಹರಿಯಬಾರದಿತ್ತೇ?

“ನೋಡು, ಏನೂ ಆಗಿಲ್ಲ. ಗಟ್ಟಿಗಿತ್ತಿ ನೀನು,” ಎಂದು ಅತ್ತೆ ಬೆನ್ನು ಸವರಿ, ಬಿಸಿ ಹರಳೆಣ್ಣೆ ಹಚ್ಚಿ, ಬೆರಳನ್ನು ಎಳೆದೆಳೆದು ನೀವಿದರು. ಆ ಹೊಗಳಿಕೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ತೀರಿಕೊಂಡವರನ್ನು ದೂರಬಾರದು, ಆದರೂ ಬರೆಯುತ್ತೇನೆ: ಅದೇ ವಾರ ಎತ್ತು ಕುಂಟಿದಾಗ ನಿಮ್ಮ ತಾತ ಸೈಕಲ್ ತುಳಿದು ಜಗಳೂರಿನಿಂದ ದನದ ಡಾಕ್ಟರನ್ನು ಕರೆತಂದರು. ಒಂದು ಸಾಲು ಉತ್ತು ತೋರಿಸು ಎಂದು ಎತ್ತಿಗೆ ಯಾರೂ ಹೇಳಲಿಲ್ಲ.

ಎಷ್ಟೋ ತಿಂಗಳ ಮೇಲೆ ಜ್ವರಕ್ಕೆಂದು ಜಗಳೂರಿಗೆ ಹೋದಾಗ ಅಲ್ಲಿಯ ಡಾಕ್ಟರಮ್ಮ ನನ್ನ ಕೈ ನೋಡಿ, ಮುಷ್ಟಿ ಕಟ್ಟಲು ಹೇಳಿದರು. ಕಟ್ಟಿದರೆ ಆ ಬೆರಳು ಕಿರುಬೆರಳ ಮೇಲೆ ಹತ್ತಿ ಕೂತಿತು.

“ಮೂಳೆ ಮುರಿದು ತಿರುಚಿಕೊಂಡೇ ಕೂಡೈತೆ,” ಅಂದರು. “ಮುರಿದ ಬೆರಳೂ ಆಡ್ತೈತಮ್ಮ. ಆಡಿದ್ರೆ ಮುರಿದಿಲ್ಲ ಅಂತಲ್ಲ. ಅವತ್ತೇ ಬಂದಿದ್ರೆ ನೆಟ್ಟಗೆ ಕೂರಿಸಬಹುದಿತ್ತು.”

ಬಿದ್ದ ದಿನದಿಂದ ಸೂಜಿ ಹಿಡಿದರೆ ಜಾರುತ್ತದೆ. ಈ ಅಕ್ಷರಗಳು ಹೀಗೆ ವಾಲಿರುವುದೂ ಅದಕ್ಕೇ.

ಮೊನ್ನೆ, ಚೈತ್ರಾ, ನೀನು ಥ್ರೋಬಾಲ್ ಆಡಲು ಹೋಗಿ ಬೆರಳು ಊದಿಸಿಕೊಂಡು ಬಂದೆ. ನಿಮ್ಮಪ್ಪ ಎಣ್ಣೆ ಬಟ್ಟಲು ಹಿಡಿದು ಕೂತ. “ಬೆರಳು ಆಡ್ತೈತಲ್ಲ ಪುಟ್ಟಿ. ಮುರಿದಿದ್ರೆ ಆಡ್ತಿತ್ತಾ? ತಿಕ್ಕಿದ್ರೆ ಹೋಗ್ತೈತೆ.” ಥೇಟ್ ಅವನ ಅಜ್ಜಿ. ರೊಟ್ಟಿ ಬಡಿ ಅನ್ನಲಿಲ್ಲ, ಅಷ್ಟೇ.

ಬಟ್ಟಲು ಕಿತ್ತುಕೊಂಡೆ. “ಮುಟ್ಟಬೇಡ ಅದನ್ನ. ಚೈತ್ರಾ, ಮೆತ್ತಗೆ ಮುಷ್ಟಿ ಕಟ್ಟು. ನೋವಾದ್ರೆ ಬಿಟ್ಟುಬಿಡು.”

ಅರ್ಧ ಮಡಚುವಷ್ಟರಲ್ಲೇ ನಿನ್ನ ಬೆರಳು ಪಕ್ಕದ ಬೆರಳಿನ ಮೇಲೆ ವಾಲಿತು. ಸೆರಗಿನೊಳಗಿಂದ ನನ್ನ ಮುಷ್ಟಿ ತೆಗೆದು ಅದರ ಪಕ್ಕ ಹಿಡಿದೆ. “ಇವಳದೂ ಹಿಂಗೇ ಆಗಬೇಕೇನೋ?”

ನಿಮ್ಮಪ್ಪ ಎರಡು ಕೈಗಳನ್ನೂ ನೋಡಿದ. ಮನು, ನೀನು “ಅಜ್ಜಿ, ನಿಂಗೆ ಬಯ್ಯಾಕೂ ಬರ್ತೈತಾ?” ಅಂದೆ.

ಊತ ಇನ್ನೂ ಏರುವ ಮೊದಲೇ ಚೈತ್ರಾಳ ಉಂಗುರ ಬಿಚ್ಚಿಸಿದೆ. ಎಳೆಯದೆ, ತಿಕ್ಕದೆ, ಬೆರಳು ಇದ್ದ ಹಾಗೆಯೇ ಕೈಯನ್ನು ರಟ್ಟಿನ ಮೇಲಿಟ್ಟು ಸಡಿಲವಾಗಿ ಕಟ್ಟಿದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಕೈ ಎತ್ತಿ ಹಿಡಿಸಿ ಆಸ್ಪತ್ರೆಗೆ ಹೊರಡಿಸಿ ನಾನೂ ಜೊತೆಗೆ ಹೋದೆ. ಎಕ್ಸ್-ರೇಯಲ್ಲಿ ಮುರಿತ ಕಂಡಿತು. ನಮ್ಮ ಈ ಚನ್ನಗಿರಿಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಮೂಳೆ ನೆಟ್ಟಗೆ ಕೂರಿಸಿ ಪಟ್ಟಿ ಹಾಕಿದರು.

ವಾಪಸ್ ಬರುವಾಗ ಆಟೋದಲ್ಲಿ ನಿಮ್ಮಪ್ಪ ಮೆಲ್ಲಗೆ, “ಅವ್ವಾ, ನಿನ್ನ ಕೈ ಹಿಂಗೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಅಂದ.

“ಆ ಕೈ ಬಡಿದ ರೊಟ್ಟಿ ತಿಂದೇ ಬೆಳೆದಿ. ತಟ್ಟೆ ನೋಡ್ದಿ, ಕೈ ನೋಡ್ಲಿಲ್ಲ,” ಅಂದೆ. ಅವನು ತಲೆ ತಗ್ಗಿಸಿದ. ನನಗೆ ಕನಿಕರ ಬರಲಿಲ್ಲ. ಇನ್ನೂ ಪೂರ್ತಿ ಬಂದಿಲ್ಲ.

ಈಗ ನನ್ನ ಕೈ ಸೆರಗಿನ ಹೊರಗೇ ಇರುತ್ತದೆ. ಈ ಹಾಳೆಗಳನ್ನು ಚೈತ್ರಾಳ ಎಕ್ಸ್-ರೇ ಕವರಿನಲ್ಲೇ ಜೋಪಾನವಾಗಿಡಿ ಮಕ್ಕಳೇ. ಮುಂದೆ ನಿಮ್ಮ ಮನೆಗಳಲ್ಲಿ ಯಾರಾದರೂ, ಬಿದ್ದ ಹೆಣ್ಣುಮಗಳ ಕೈ ಹಿಡಿದು “ಆಡಿಸು ನೋಡನ” ಅಂದರೆ, ಈ ಹಾಳೆ, ಆ ಎಕ್ಸ್-ರೇ ಎರಡನ್ನೂ ಹೊರಗೆ ತೆಗೆದು ತೋರಿಸಿ.