ಹಂಗೇರಿಯ ಒಣಮೀನು

‘ನೋಡಿದ್ದೇನೆ’ ಎಂಬ ಮಾತನ್ನು ನಾನು ಸ್ವಲ್ಪ ಬೇಗ ಹೇಳುವವನು. ಸುಳ್ಳು ಹೇಳುವ ಉದ್ದೇಶವಿರುವುದಿಲ್ಲ. ನೋಡಿದ ಹಾಗೆ ನನಗೇ ನೆನಪಿರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಣಮೀನಿಗೆ ಹುಳ ಹಿಡಿಯದಂತೆ ಕಾಪಾಡುವ ಬಗೆಯನ್ನು ಕುರಿತು ಸಂಶೋಧನೆಗೆ ಹೊರಟಿದ್ದೆ. ಪ್ರಯೋಗಕ್ಕೆ ಮೊದಲು, ಲೋಕದಲ್ಲಿ ಯಾರೆಲ್ಲ ಏನು ಬರೆದಿದ್ದಾರೆಂದು ತಿಳಿಯಬೇಕಷ್ಟೆ. ಅದಕ್ಕಿದ್ದ ಸಾಧನ ಗ್ರಂಥಾಲಯದ ದಪ್ಪ ಸೂಚಿ ಸಂಪುಟಗಳು. ವರ್ಷಕ್ಕೊಂದರಂತೆ, ವಿಷಯವಾರು ಲೇಖನದ ಹೆಸರು, ಲೇಖಕರ ವಿಳಾಸ. ಬೇಕಾದವರಿಗೆ ಒಂದು ಅಂಚೆಕಾರ್ಡು ಹಾಕಿದರೆ ಪ್ರತಿಯನ್ನು ಪುಕ್ಕಟೆ ಕಳಿಸುತ್ತಿದ್ದರು. ಮುಖ ಕಾಣದವನಿಗೆ ವಿದ್ವಾಂಸರು ತೋರಿದ ಈ ಔದಾರ್ಯ ನನಗೆ ಈಗಲೂ ಬೆರಗು.

ನಾನಿದ್ದದ್ದು ಬಿಜೈಯಲ್ಲಿ, ಅಕ್ಕನ ಮನೆಯಲ್ಲಿ. ಫಳ್ನೀರಿನಲ್ಲಿ ಅಂಗಡಿಯಿದ್ದ ಭಾವನಿಗೆ ಅಂಚೆಚೀಟಿ ಕೂಡಿಸುವ ಹುಚ್ಚು. ಲಕೋಟೆ ಬಂದರೆ ನನಗಿಂತ ಮೊದಲು ಅವರ ಕೈ.

“ಎಂತ ಮಾರಾಯ, ಪುನಃ ಇಂಗ್ಲೆಂಡಾ? ರಾಣಿಯ ಮುಖ ನನ್ನಲ್ಲಿ ಬೇಕಾದಷ್ಟು ಉಂಟು. ಹಂಗೇರಿಗೊಂದು ಕಾರ್ಡ್ ಹಾಕು ನೋಡುವಾ.”

ಅನ್ನದ ಋಣ. ಹಾಕಿದೆ. ಹಂಗೇರಿ ಬಂತು, ಪೋಲೆಂಡ್ ಬಂತು, ಪೆರು ಬಂತು. ಕೊನೆಗೆ ಕರಡಿನಲ್ಲಿ ಬರೆದೆ: “ಈ ಕುರಿತು ಭಾರತದಲ್ಲಿ ಹೇಳಿಕೊಳ್ಳುವಂಥ ಕೆಲಸ ನಡೆದಿಲ್ಲ.” ನನ್ನ ಸಂಶೋಧನೆಯೆಲ್ಲ ಕೂತಿದ್ದದ್ದು ಈ ವಾಕ್ಯದ ಮೇಲೆ.

ಮಾರ್ಗದರ್ಶಕರು ಓದಿ ಕನ್ನಡಕ ತೆಗೆದರು. “ಸಮುದ್ರವೇ ಇಲ್ಲದ ಹಂಗೇರಿಯವರು ಒಣಮೀನಿನ ಬಗ್ಗೆ ಬರೆದಿದ್ದಾರೆ. ಕೊಚ್ಚಿಯವರು ಬರೆಯಲಿಲ್ಲವಾ?”

“ನೋಡಿದ್ದೇನೆ ಸರ್, ಎಲ್ಲ ನೋಡಿದ್ದೇನೆ.”

ಮನೆಗೆ ಬಂದು ದಿನಚರಿ ತೆರೆದೆ. ಯಾವ ದಿನ ಯಾವ ಸಂಪುಟ, ಯಾರಿಗೆ ಕಾರ್ಡು, ಎಲ್ಲ ಇತ್ತು. “ಹಂಗೇರಿ ಬಂತು, ಭಾವನಿಗೆ ಖುಷಿ” ಎಂದೂ ಇತ್ತು. ಭಾರತದ ವಿಳಾಸ ಒಂದೂ ಇರಲಿಲ್ಲ. ನೋಡಬೇಕು ಎಂದುಕೊಂಡದ್ದನ್ನೂ ನೋಡಿದ್ದನ್ನೂ ನನ್ನ ನೆನಪು ಒಂದೇ ಕಪಾಟಿನಲ್ಲಿ ಇಡುತ್ತದೆಂದು ಕಾಣುತ್ತದೆ.

ಮತ್ತೆ ಮೊದಲಿನಿಂದ ಹೊರಟೆ. ಈ ಸಲ ಯಾವ ವರ್ಷಗಳು, ಯಾವ ತಲೆಬರಹಗಳು ಎಂದು ಮೊದಲೇ ಬರೆದಿಟ್ಟು, ಒಂದೊಂದಕ್ಕೂ ಗೀಟು ಹಾಕುತ್ತ ಹೋದೆ. ಊರು ನೋಡಿ ಯಾವುದನ್ನೂ ಬಿಡಲಿಲ್ಲ. ಕೊಚ್ಚಿಯಿಂದ ಕಂದು ಲಕೋಟೆ ಬಂದಾಗ ಭಾವ ಮುಟ್ಟಲೂ ಇಲ್ಲ. “ಇದು ನಮ್ಮದೇ ಅಲ್ಲವಾ!” ಎಂದು ಅಂಗಡಿಗೆ ಹೋದರು.

ಒಳಗಿದ್ದ ಲೇಖನವನ್ನು ಓದಿದೆ. ನಾನು ಮಾಡಹೊರಟ ಪ್ರಯೋಗವನ್ನು ಅವರು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದರು. ಒಂದು ವರ್ಷದ ದುಡಿಮೆ ಹೋಯಿತು. ಉಳಿದದ್ದು ಅವರು ಕೇಳದೆ ಬಿಟ್ಟ ಒಂದು ಸಣ್ಣ ಪ್ರಶ್ನೆ. ಕರಡಿನ ವಾಕ್ಯವನ್ನು ಹೊಡೆದು ಹಾಕಿ ಬರೆದೆ: “ಇಂತಿಂಥ ಸಂಪುಟಗಳಲ್ಲಿ ಹುಡುಕಿದೆ, ನನಗೆ ಸಿಕ್ಕಿದ್ದು ಇಷ್ಟು.” ಸರ್ ಓದಿ, “ಸಣ್ಣದಾಯ್ತು. ಆದರೆ ಇನ್ನು ಇದರ ಮೇಲೆ ಕೂರಬಹುದು” ಎಂದರು.

ಆ ಲೇಖನವನ್ನು ಇನ್ನೊಮ್ಮೆ, ಹೊಟ್ಟೆಕಿಚ್ಚು ತಣಿದ ಮೇಲೆ, ಮೊದಲ ಸಾಲಿನಿಂದ ಓದಿದೆ. “ಈ ಕುರಿತು ನಮಗಿಂತ ಮೊದಲು ಯಾರೂ ಕೆಲಸ ಮಾಡಿಲ್ಲ” ಎಂದು ಶುರುವಾಗಿತ್ತು. ನಗು ಬಂತು, ಗೆದ್ದ ನಗುವಲ್ಲ, ಜೊತೆ ಸಿಕ್ಕಿದ ನಗು. ಎದ್ದು ಗ್ರಂಥಾಲಯಕ್ಕೆ ಹೋಗಿ, ಆ ಲೇಖನಕ್ಕೂ ಹಿಂದಿನ ವರ್ಷಗಳ ಸಂಪುಟಗಳಿದ್ದರೆ ಕೊಡಿ ಎಂದು ಗ್ರಂಥಪಾಲಕರನ್ನು ಕೇಳಿದೆ.