ಕಾಶಿಯವರ ಜಗಲಿಯ ಮೇಲೆ ಕಲಬುರಗಿ

ನಮ್ಮ ಕಲಬುರಗಿ ಕೋಟೆಗೆ ಪ್ರತಿ ಸೋಮವಾರ ಪೂಜೆ ಆಗುತ್ತದೆ. ಹೂವು, ವಿಭೂತಿ, ಊದಿನಕಡ್ಡಿ, ಎಲ್ಲ ಬರೋಬ್ಬರಿ. ನಂಬೋದಿಲ್ಲ ಅಲ್ವಾ? ಇಲ್ಲೇ ಹತ್ತಿರದ ಕಮಲಾಪುರಕ್ಕೆ ಹೋಗಿ ಕಣ್ಣಾರೆ ನೋಡುವ ತನಕ ನಾನೂ ನಂಬುತ್ತಿರಲಿಲ್ಲ.

ನನಗೆ ಹಳೇ ಫೋಟೊ, ಹಳೇ ಪೋಸ್ಟ್‌ಕಾರ್ಡುಗಳ ಹುಚ್ಚಿದೆ ಅನ್ನೋದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಗೊತ್ತಿಲ್ಲದಿದ್ದರೆ ನನ್ನ ಹೆಂಡತಿಯನ್ನು ಕೇಳಿ. ಇದೇ ಕಲಬುರಗಿಯ ಗಾಜಿಪುರ ಬಡಾವಣೆಯ ನಮ್ಮ ಮನೆಯಲ್ಲಿ ಬಟ್ಟೆ ಇಡಲು ಜಾಗ ಇಲ್ಲದಿರುವುದು ಯಾಕೆ ಅಂತ ಸವಿಸ್ತಾರವಾಗಿ ಹೇಳುತ್ತಾಳೆ.) ಈ ಸಲ ಖೂಬಾ ಪ್ಲಾಟ್ ಬಡಾವಣೆಯ ಗೆಳೆಯರು ಸೇರಿ ಹಳೇ ಕಲಬುರಗಿಯ ಚಿತ್ರಗಳ ಒಂದು ಪ್ರದರ್ಶನ ಮಾಡೋಣ ಅಂದರು. ನಾನು ಸಿಕ್ಕಸಿಕ್ಕವರ ಬೆನ್ನು ಹತ್ತಿದೆ.

ನಮ್ಮ ಆಫೀಸಿನ ಶರಣಪ್ಪ ಆಗಷ್ಟೇ ಬೆಂಗಳೂರಿನಲ್ಲಿ ಟ್ರೇನಿಂಗ್ ಮುಗಿಸಿ ಬಂದಿದ್ದ. "ನಮ್ಮ ಕಲಬುರಗ್ಯಾಗ ಏನದ ರೀ ಸರ? ಬಿಸಿಲು, ಧೂಳು. ಅದರ ಫೋಟೊ ಯಾರ್ ನೋಡ್ತಾರ?" ಅಂತ ಮೂಗು ಮುರಿದ. ಆಮೇಲೆ ಪಾಪ ಅನ್ನಿಸಿತೋ ಏನೋ, "ನಮ್ಮನ್ಯಾಗ ಒಂದು ಹಳೇ ಫೋಟೊ ಅದ. ಆದ್ರ ಅದು ಕಾಶೀದು. ನೋಡ್ತೀನಂದ್ರ ಶನಿವಾರ ಕಮಲಾಪುರಕ್ಕ ಬರ್ರಿ, ಕೆಂಪು ಬಾಳಿಹಣ್ಣರ ತಿನ್ನೀರಂತ" ಅಂದ.

ಬಾಳೆಹಣ್ಣಿನ ಆಸೆಗೇ ಹೋದೆ. ಸುಳ್ಳು ಯಾಕೆ ಹೇಳಲಿ?

ಅವರ ಮನೆಗೆ ಊರಲ್ಲಿ 'ಕಾಶಿಯವರ ಮನಿ' ಅಂತಲೇ ಹೆಸರು. ಶರಣಪ್ಪನ ಮುತ್ಯಾ, ಅಂದರೆ ಅಜ್ಜ, ಆ ಕಾಲಕ್ಕೆ ಕಾಶಿಗೆ ಹೋಗಿ ಬಂದವರು. ಊರವರು ಬಾಜಾ ಬಜಂತ್ರಿ ಬಾರಿಸಿ ಕಳಿಸಿಕೊಟ್ಟಿದ್ದರಂತೆ. ವಾಪಸ್ಸು ಬಂದವರು ಧೋತರದ ಗಂಟು ಬಿಚ್ಚಿ, ಬಾಯಿ ಬೆಸುಗೆ ಹಾಕಿದ ಗಂಗೆಯ ಗಿಂಡಿಯೊಂದನ್ನೂ ಫೋಟೊ ಒಂದನ್ನೂ ತಾವೇ ದೇವರ ಜಗಲಿಯ ಮೇಲೆ ಇಟ್ಟರಂತೆ. ಇದು ಯಾವ ಊರಿನ ಫೋಟೊ ಅಂತ ಯಾರೂ ಕೇಳಲಿಲ್ಲ. ಅವರದೋ ಮಾತು ಕಮ್ಮಿ. ಮಾವನ ಎದುರು ಸೊಸೆ ಬಾಯಿ ಬಿಡುವ ಕಾಲವೇ ಅದು? ಕಾಶಿಯಿಂದ ಬಂದ ಗಂಟಿನಲ್ಲಿ ಇತ್ತು, ಅಂದಮೇಲೆ ಕಾಶಿಯೇ.

ಆ ಸೊಸೆ ನೀಲಮ್ಮ, ಶರಣಪ್ಪನ ತಾಯಿ. ಈಗ ಅವರೇ ಮುಪ್ಪಿನ ಮುದುಕಿ. ಜಗಲಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು.

ಗಾಜಿನ ಮೇಲೆ ದಪ್ಪ ವಿಭೂತಿ. ಅದರ ಹಿಂದೆ ತುಂಬಿ ನಿಂತ ನೀರು, ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು, ಮೇಲೆ ಎತ್ತರದ ಗೋಡೆ. ನೋಡಿದವರು ಗಂಗಾತೀರ ಅನ್ನಲೇಬೇಕು. ಆದರೆ ಆ ಬುರುಜು? ಅದರ ಮೇಲಿಂದ ಮೂತಿ ಚಾಚಿದ ತೋಪು? ಆ ಬುರುಜಿನ ಬುಡದಲ್ಲಿ ಕ್ರಿಕೆಟ್ ಆಡಿ ಬೆಳೆದವನು ನಾನು!

"ಆಯೀ, ಇದು ಕಾಶಿ ಅಲ್ಲ. ನಮ್ಮ ಕಲಬುರಗಿ ಕಿಲ್ಲಾ!" ಅಂತ ಕೂಗಿಯೇ ಬಿಟ್ಟೆ. ಕಂದಕದ ತುಂಬ ನೀರಿರುವ ಚಿತ್ರ ನಾನು ಎಲ್ಲೂ ನೋಡಿರಲಿಲ್ಲ. ಖುಷಿಗೆ ನಾಲಿಗೆಯ ಮೇಲೆ ಹಿಡಿತ ತಪ್ಪಿತು.

ನನ್ನ ಮೊಬೈಲಿನಲ್ಲಿದ್ದ ಕೋಟೆಯ ಚಿತ್ರ ತೋರಿಸಿ, ಈ ಫೋಟೊ ಪ್ರದರ್ಶನಕ್ಕೆ ಕೊಡ್ತೀರಾ ಅಂತ ಕೇಳಿದೆ. ಶರಣಪ್ಪ ಎರಡನ್ನೂ ಹೋಲಿಸಿ ನೋಡಿದ. ಮುಖ ಸಣ್ಣದಾಯಿತು. "ಸರ, ಇದು ಹೊರಗ ಬಿದ್ರ ಊರಾಗ ತಲಿ ಎತ್ತಂಗಿಲ್ಲ ನಾವು. ಕಾಶಿಯವರು ಕಾಶಿಗೇ ಹೋಗಿಲ್ಲ ಅಂತ ನಗ್ತಾರ" ಅಂದ. ನೀಲಮ್ಮ ಮಾತ್ರ ಫೋಟೊವನ್ನು ತಾವೇ ಇಳಿಸಿ ನನ್ನ ಕೈಗೆ ಕೊಟ್ಟರು. "ಒಯ್ ತಮ್ಮಾ. ಸೋಮವಾರಕ್ಕ ತಂದಿಡು. ಇಬತ್ತಿ ಒರಸಬ್ಯಾಡ."

ಕೆಳಗೆ ಊರಿನ ಹೆಸರಾಗಲಿ ಮನೆಯ ಹೆಸರಾಗಲಿ ಬರೆಯಕೂಡದು ಅನ್ನೋದು ಶರಣಪ್ಪನ ಷರತ್ತು. ಒಪ್ಪಿಕೊಂಡೆ. ಮರುದಿನ ಭಾನುವಾರ, ಪ್ರದರ್ಶನದಲ್ಲಿ ಎಲ್ಲ ಚಿತ್ರಗಳ ಕೆಳಗೂ ಹೆಸರಿತ್ತು, ಅದೊಂದರ ಕೆಳಗೆ ಇರಲಿಲ್ಲ. ಮನೆಗೆ ಬಂದ ನೆಂಟರಲ್ಲಿ ಒಬ್ಬರಿಗೆ ಮಾತ್ರ ಮಣೆ ಹಾಕದ ಹಾಗೆ, ನನಗೆ ಒಳಗೊಳಗೇ ಕಸಿವಿಸಿ.

ನೀಲಮ್ಮ ಮಗನೊಂದಿಗೆ ನೋಡಲು ಬಂದಿದ್ದರು. ಆಗಬಾರದ್ದು ಆಗಲೇ ಆಗಬೇಕೇ? ಕಮಲಾಪುರದ ಅಂಗಡಿಯವರೊಬ್ಬರು ಆ ಫೋಟೊದ ಮುಂದೆ ನಿಂತವರೇ ಜೋರಾಗಿ ನಕ್ಕರು. "ಇದು ಕಾಶಿಯವರ ಮನ್ಯಾಗಿನ ಫೋಟೊ ಅಲ್ಲೇನು? ಅರೇ, ಇದು ಕಿಲ್ಲಾ! ಹಂಗಾರ ಮುತ್ಯಾ ಕಾಶಿಗಿ ಹೋಗ್ಯಾನೋ, ಕಲಬುರಗಿ ತನಕ ಬಂದು ಮಿರ್ಚಿ ಭಜಿ ತಿಂದು ಹೊಳ್ಳಿ ಹೋಗ್ಯಾನೋ?"

ಸುತ್ತ ನಿಂತವರೂ ನಕ್ಕರು. ಶರಣಪ್ಪ ನೆಲ ನೋಡಿದ. ನನಗಂತೂ ಯಾಕಾದರೂ ತಂದೆನೋ ಅನ್ನಿಸಿತು.

ನೀಲಮ್ಮ ಸೆರಗು ಸರಿ ಮಾಡಿಕೊಂಡು ಮುಂದೆ ಬಂದರು.

"ಗಂಗೀ ಗಿಂಡಿ ನಮ್ಮ ಜಗಲಿ ಮ್ಯಾಲ ಅದ, ಬಂದು ನೋಡು. ಕಾಶಿಗಿ ಹೋಗ್ಯಾರ ನಮ್ಮ ಮಾವ. ಕಾಶಿ ನೋಡಿ, ಹೊಳ್ಳಿ ಬಂದು, ಇಲ್ಲೇ ಟೇಶನ್‌ದಾಗ ಇಳದು, ನಮ್ಮ ಕಿಲ್ಲೇದ ಫೋಟೊ ತಗೊಂಡು ಗಂಗೀ ಬಾಜೂಕ ಇಟ್ಟಾರ. ಅಂದ್ರ ಅವರ ಕಣ್ಣಿಗಿ ಈ ಊರು ಕಾಶಿಗಿಂತ ಏನು ಕಮ್ಮಿ ಕಂಡದ? ನೀನೇ ಹೇಳಪ್ಪಾ!"

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನೀಲಮ್ಮ ನನ್ನ ಕಡೆ ತಿರುಗಿ, "ಬರಿ ತಮ್ಮಾ, ಕೆಳಗ ದೊಡ್ಡದಾಗಿ ಹೆಸರ ಬರಿ" ಅಂದರು. ನಾನು ಶರಣಪ್ಪನ ಮುಖ ನೋಡಿದೆ. ಅವನೇ ಜೇಬಿನಿಂದ ಪೆನ್ನು ತೆಗೆದು ಕೊಟ್ಟ. 'ಕಲಬುರಗಿ ಕೋಟೆ. ಕಮಲಾಪುರದ ಕಾಶಿಯವರ ಜಗಲಿಯಿಂದ' ಅಂತ ಬರೆದೆ. ನನ್ನೂರಿನ ಹೆಸರು ಬರೆಯುವಾಗ ಎದೆ ಅಷ್ಟು ಉಬ್ಬಿದ್ದು ಅದೇ ಮೊದಲು.

ಸಂಜೆ ನೀಲಮ್ಮನವರನ್ನು ಕೋಟೆಗೆ ಕರೆದುಕೊಂಡು ಹೋದೆವು. ಸಂತೆಗೆ, ದವಾಖಾನೆಗೆ ಅಂತ ಬದುಕಿಡೀ ಕಲಬುರಗಿಗೆ ಓಡಾಡಿದವರು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲ ಹತ್ತಿರ ನಿಂತು ಚಪ್ಪಲಿ ಬಿಟ್ಟರು.

"ಯವ್ವಾ, ಇದೇನು ಗುಡಿ ಅಲ್ಲ" ಅಂದ ಶರಣಪ್ಪ.

"ಇಷ್ಟ ವರ್ಷ ಕೈ ಮುಗದೀನಿ. ಇವತ್ತ ಚಪ್ಪಲಿ ಹಾಕ್ಕೊಂಡು ಹೋಗ್ಲ್ಯಾ?"

ಅವನು ತಾಯಿಯ ಚಪ್ಪಲಿ ಪಕ್ಕದಲ್ಲಿ ತನ್ನ ಬೂಟು ಬಿಚ್ಚಿಟ್ಟ. ನಾನೂ ಬಿಟ್ಟೆ. ಕಲ್ಲು ಇನ್ನೂ ಕಾದಿತ್ತು.

ಸೋಮವಾರದೊಳಗೆ ಫೋಟೊ ಜಗಲಿಗೆ ಹೋಯಿತು, ವಿಭೂತಿ ಸಮೇತ. ಆ ಮನೆಯವರು ಇವತ್ತಿಗೂ ಕಾಶಿಯವರೇ.

ಕಾಶಿ ಕಂಡು ಬಂದವರು ಈ ಊರನ್ನು ಗಂಗೆಯ ಪಕ್ಕ ಕೂರಿಸಿದರು. ಬರೀ ಬೆಂಗಳೂರು ಕಂಡು ಬಂದು ಮೂಗು ಮುರಿಯುವ ನಾವು ಯಾವ ಸೀಮೆಯ ದೊಡ್ಡಸ್ತರು?